ಬಿ.ಕಾಂ. ಜೊತೆ ಫ್ರೆಂಚ್: ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿ

"ಮಗಳು ಇಂಟರ್‌ನ್ಯಾಷನಲ್ ಬಿಸಿನೆಸ್ ಓದ್ತಾಳಂತೆ, ಜೊತೆಗೆ ಫ್ರೆಂಚ್ ತಗೋತಾಳಂತೆ. ತುಮಕೂರಲ್ಲಿ ಕೂತ್ಕೊಂಡು ಫ್ರೆಂಚ್ ಕಲಿತು ಏನ್ ಸಾರ್ ಮಾಡೋದು?" ಅಡ್ಮಿಷನ್ ಸಮಯ ಬಂದರೆ ಪೋಷಕರು ನನಗೆ ಕೇಳುವ ಪ್ರಶ್ನೆ ಇದು. ರಫ್ತುದಾರರಿಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬ್ಯಾಂಕಿನ ದಾಖಲೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಕಾಮರ್ಸ್ ವಿದ್ಯಾರ್ಥಿಗಳಿಗೆ ಆಗಾಗ ಪಾಠವನ್ನೂ ಮಾಡುತ್ತೇನೆ. ಹಾಗಾಗಿ ಉತ್ತರವನ್ನು ನಮ್ಮ ಜಿಲ್ಲೆಯ ಹೊಲದಿಂದಲೇ ಶುರು ಮಾಡುತ್ತೇನೆ.

ಮಿಡಿಸೌತೆ ಗೊತ್ತಲ್ವಾ? ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ರೈತರು ಬೆಳೆಯುವ ಗರ್ಕಿನ್. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಬೆಳೆ ಇದು. ನಾವು ತಿನ್ನುವುದು ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಹೊರದೇಶಕ್ಕೆ ಹೋಗುತ್ತದೆ. ಕಾಯಿ ಎಷ್ಟು ಸಣ್ಣದೋ ಅಷ್ಟು ಒಳ್ಳೆಯ ಬೆಲೆ. ಬೆರಳಿನಷ್ಟು ಸಣ್ಣ ಕಾಯಿಯ ಉಪ್ಪಿನಕಾಯಿಯನ್ನು ಫ್ರೆಂಚರು ಕಾರ್ನಿಷೋನ್ ಎನ್ನುತ್ತಾರೆ. ಅವರ ಅಂಗಡಿಗಳಲ್ಲಿ ಸಿಗುವ ಕಾರ್ನಿಷೋನಿನಲ್ಲಿ ದೊಡ್ಡ ಪಾಲು ಭಾರತದಲ್ಲಿ ಬೆಳೆದದ್ದು.

ಡ್ರಮ್ಮಿನಲ್ಲಿ ತುಂಬಿ ಕಳಿಸಿದರೆ ಇಂಗ್ಲಿಷಿನಲ್ಲೇ ಕೆಲಸ ನಡೆಯುತ್ತದೆ. ಆದರೆ ಇಲ್ಲೇ ಗಾಜಿನ ಬಾಟಲಿಗೆ ತುಂಬಿ, ಅಲ್ಲಿನ ಅಂಗಡಿಯ ಕಪಾಟಿಗೆ ನೇರವಾಗಿ ಹೋಗುವ ಹಾಗೆ ಕಳಿಸಿದರೆ ರಫ್ತುದಾರನಿಗೆ ಜಾಸ್ತಿ ಸಿಗುತ್ತದೆ. ಲೇಬಲ್ ಕೆಲಸ ಶುರುವಾಗುವುದೂ ಅಲ್ಲೇ. ಫ್ರಾನ್ಸಿನಲ್ಲಿ 1994ರಿಂದ ಇರುವ ಕಾನೂನಿನ ಪ್ರಕಾರ ಗ್ರಾಹಕನಿಗೆ ಮಾರುವ ವಸ್ತುವಿನ ವಿವರ, ಬಳಸುವ ಕ್ರಮ, ಎಲ್ಲವೂ ಫ್ರೆಂಚಿನಲ್ಲಿರಬೇಕು. ಅದರ ಮೇಲೆ ಯುರೋಪಿಯನ್ ಒಕ್ಕೂಟದ 1169/2011 ಎಂಬ ಆಹಾರ ಲೇಬಲ್ ನಿಯಮವಿದೆ. ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳಲ್ಲಿ ಯಾವುದೇ ಇದ್ದರೂ ಅದನ್ನು ಪಟ್ಟಿಯಲ್ಲಿ ಎದ್ದು ಕಾಣುವ ಅಕ್ಷರದಲ್ಲಿ ಹಾಕಬೇಕು ಅನ್ನುತ್ತದೆ ಆ ನಿಯಮ. ಆ 14ರಲ್ಲಿ ಸಾಸಿವೆಯೂ ಒಂದು. ಮಿಡಿಸೌತೆ ಬಾಟಲಿಯಲ್ಲಿ ಸಾಸಿವೆ ಸಾಮಾನ್ಯವಾಗಿ ಇರುತ್ತದೆ. ನಮ್ಮ ಕಣ್ಣಿಗೆ ಅದು ಒಗ್ಗರಣೆಯ ಸಾಮಾನು, ಅದರಿಂದ ಅಪಾಯ ಅಂತ ಹೊಳೆಯುವುದೇ ಇಲ್ಲ. ಇನ್ನೊಂದು ವಿಷಯ, ದ್ರಾವಣದಲ್ಲಿ ಮುಳುಗಿಸಿಟ್ಟ ಆಹಾರಕ್ಕೆ ಒಟ್ಟು ತೂಕವಷ್ಟೇ ಸಾಲದು. ನೀರು ಬಸಿದ ಮೇಲೆ ಉಳಿಯುವ ಕಾಯಿಯ ತೂಕವನ್ನೂ ಬೇರೆಯಾಗಿ ಬರೆಯಬೇಕು. ಇದೇ ಬಾಟಲಿ ಕೆನಡಾಕ್ಕೆ ಹೋಗುವುದಾದರೆ ಇಂಗ್ಲಿಷ್, ಫ್ರೆಂಚ್ ಎರಡೂ ಬೇಕು.

ಈ ಲೇಬಲ್ಲನ್ನು ಮೊಬೈಲ್ ಆ್ಯಪ್‌ಗೆ ಹಾಕಿ ತರ್ಜುಮೆ ಮಾಡಿಸುವವರಿದ್ದಾರೆ. ಆ್ಯಪ್ ಪದಗಳನ್ನು ಚೆನ್ನಾಗಿಯೇ ಕೊಡುತ್ತದೆ. ಸಾಸಿವೆಯನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು, ಬಸಿದ ತೂಕ ಬಿಟ್ಟುಹೋಗಿದೆ ಎಂದು ಹೇಳಬೇಕಾದವರು ಮಾತ್ರ ಮನುಷ್ಯರೇ. ಬರೀ ಫ್ರೆಂಚ್ ಬಲ್ಲವರಿಗೆ ಆ ನಿಯಮ ಗೊತ್ತಿರುವುದಿಲ್ಲ. ಬರೀ ಬಿಸಿನೆಸ್ ಓದಿದವರಿಗೆ ಅಚ್ಚಾದ ಸಾಲು ಸರಿಯಿದೆಯೇ ಎಂದು ನೋಡಲು ಬರುವುದಿಲ್ಲ. ಎರಡೂ ಬಲ್ಲ ಒಬ್ಬರು ಬೇಕು. ನಮ್ಮ ಮಕ್ಕಳಿಗೆ ಜಾಗ ಇರುವುದು ಅಲ್ಲಿ.

ನನಗೆ ಬೇಸರ ತರುವುದು ಕಾಲೇಜಿನಲ್ಲಿ ಈ ಎರಡನ್ನೂ ಓದಿಸುವ ರೀತಿ. ಫ್ರೆಂಚನ್ನು "ಸ್ಕೋರಿಂಗ್" ವಿಷಯ ಎಂದು ತೆಗೆದುಕೊಳ್ಳುತ್ತಾರೆ. ಕ್ರಿಯಾಪದಗಳ ಪಟ್ಟಿ ಉರು ಹೊಡೆದು ತೊಂಬತ್ತು ಅಂಕ ತೆಗೆಯುತ್ತಾರೆ. ಪಕ್ಕದ ತರಗತಿಯಲ್ಲೇ ಲೆಟರ್ ಆಫ್ ಕ್ರೆಡಿಟ್ (ಆಮದುದಾರನ ಪರವಾಗಿ ಬ್ಯಾಂಕ್ ಕೊಡುವ ಪಾವತಿಯ ಭರವಸೆ) ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿರುತ್ತದೆ. ಒಂದಕ್ಕೊಂದು ಸೇರುವುದೇ ಇಲ್ಲ. ಆದರೆ ಎಫ್‌ಒಬಿ, ಸಿಐಎಫ್ ಎಂದು ನಾವು ಕಲಿಸುವ ಇಂಕೋಟರ್ಮ್ಸ್ (ಸರಕಿನ ಖರ್ಚು, ಹೊಣೆ ಮಾರುವವನದೆಷ್ಟು, ಕೊಳ್ಳುವವನದೆಷ್ಟು ಎಂದು ಹೇಳುವ ನಿಯಮಗಳು) ರೂಪಿಸುವುದು ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ. ಮೊದಲ ಆವೃತ್ತಿ ಬಂದದ್ದು 1936ರಲ್ಲಿ, ಈಗಿನ 2020ರ ಆವೃತ್ತಿಯಲ್ಲಿ 11 ನಿಯಮಗಳಿವೆ. ಲೆಟರ್ ಆಫ್ ಕ್ರೆಡಿಟ್‌ಗೆ ಆಧಾರವಾದ ಯುಸಿಪಿ 600 ಎಂಬ ನಿಯಮಾವಳಿ ಕೂಡ ಅದೇ ಮಂಡಳಿಯದು. ಫ್ರಾನ್ಸಿನಲ್ಲಂತೂ ಎಲ್‌ಇಎ ಎಂಬ ಪದವಿಯೇ ಇದೆ. ಎರಡು ವಿದೇಶಿ ಭಾಷೆಗಳನ್ನು ಅರ್ಥಶಾಸ್ತ್ರ, ಕಾನೂನು, ವಾಣಿಜ್ಯದ ಜೊತೆಗೇ ಕಲಿಸುತ್ತಾರೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಜೊತೆ ಫ್ರೆಂಚ್ ಓದಿದರೆ ಕೋರ್ಸ್ ನಾಲ್ಕು ವರ್ಷದ್ದು, ಒಂದು ವರ್ಷ ಹೊರದೇಶದಲ್ಲೇ ಕಳೆಯಬೇಕು.

ನಮಗೆ ಆ ಅನುಕೂಲ ಇಲ್ಲ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನಾನು ವಿದ್ಯಾರ್ಥಿಗಳಿಗೆ ಕೊಡುವ ಮೊದಲ ಕೆಲಸ ಇದು. ಯುರೋಪಿಯನ್ ಒಕ್ಕೂಟದ ಕಾನೂನುಗಳೆಲ್ಲ ಇರುವ ಯೂರ್‌ಲೆಕ್ಸ್ ಎಂಬ ಜಾಲತಾಣ ಇದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಆಗ ಹೇಳಿದ 1169/2011 ನಿಯಮ ತೆರೆಯಿರಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಫ್ರೆಂಚ್ ಬರುವಂತೆ ಇಟ್ಟುಕೊಳ್ಳಬಹುದು. ದಿನಕ್ಕೆ ಅರ್ಧ ಪುಟ ಸಾಕು. ಆಮೇಲೆ ಮನೆಯ ಅಡುಗೆಮನೆಯಲ್ಲಿರುವ ಯಾವುದಾದರೂ ಉಪ್ಪಿನಕಾಯಿ ಬಾಟಲಿಗೆ ಫ್ರೆಂಚ್ ಲೇಬಲ್ ಬರೆಯಿರಿ. ಕಸ್ಟಮ್ಸ್‌ನಲ್ಲಿ ಸರಕು ಗುರುತಿಸಲು ಬಳಸುವ ಎಚ್‌ಎಸ್ ಕೋಡನ್ನೂ ಹೀಗೇ ಕಲಿಯಬಹುದು. ವಿನೆಗರ್ ಹಾಕಿದ ಮಿಡಿಸೌತೆ 2001.10, ತಾತ್ಕಾಲಿಕವಾಗಿ ಉಪ್ಪುನೀರಿನಲ್ಲಿ ಕಾಪಿಟ್ಟದ್ದು 0711.40. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಅದನ್ನು ನೋಡಿಕೊಳ್ಳುವ ವಿಶ್ವ ಕಸ್ಟಮ್ಸ್ ಸಂಸ್ಥೆ ಬ್ರಸೆಲ್ಸಿನಲ್ಲಿದೆ, ಅದರ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್.

ಅಂಕಿಗಳ ಬಗ್ಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ. ನಾವು 1,250 ಕೆಜಿ ಎಂದು ಬರೆದರೆ ಫ್ರಾನ್ಸಿನವರು ಒಂದೂಕಾಲು ಕೆಜಿ ಎಂದು ಓದುತ್ತಾರೆ. ಅವರಿಗೆ ಕಾಮಾ ಅಂದರೆ ದಶಮಾಂಶದ ಗುರುತು. ಸಾವಿರದ ಜಾಗದಲ್ಲಿ ಅವರು ಬರೀ ಖಾಲಿ ಜಾಗ ಬಿಡುತ್ತಾರೆ. ಮಾತಿನಲ್ಲಿ ಇನ್ನೂ ಕಷ್ಟ. 97 ಎನ್ನಲು "ನಾಲ್ಕು ಇಪ್ಪತ್ತು ಹದಿನೇಳು" ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಫೋನಿನಲ್ಲಿ ದರ ಹೇಳುವಾಗ ಮೊದಲು ಕೇಳಿಸಿದ "ನಾಲ್ಕು" ಬರೆದುಕೊಂಡವರ ಪಾಡು ಯೋಚಿಸಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ತೊಂಬತ್ತಕ್ಕೆ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ. ದಿನಾ ಇಪ್ಪತ್ತು ಅಂಕಿಯನ್ನು ಯಾರಿಂದಲಾದರೂ ಓದಿಸಿ, ಕೇಳಿಸಿಕೊಂಡು ಬರೆಯಿರಿ. ಪರೀಕ್ಷೆಯಲ್ಲಿ ಇದಕ್ಕೆ ಹೆಚ್ಚು ಅಂಕ ಇಲ್ಲ, ಕೆಲಸದಲ್ಲಿ ಇದೇ ಮುಖ್ಯ.

ವ್ಯಾಕರಣದ ವಿಷಯದಲ್ಲಿ ಕನ್ನಡದವರಿಗೆ ನೀನು–ನೀವು ವ್ಯತ್ಯಾಸ ಕಲಿಸಬೇಕಿಲ್ಲ. ವ್ಯಾಪಾರದ ಪತ್ರದಲ್ಲಿ ಯಾವಾಗಲೂ "ನೀವು" ಎಂದರೆ ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ. ಮೇಜು ಹೆಣ್ಣು, ಪುಸ್ತಕ ಗಂಡು ಅನ್ನುವುದು ಮಾತ್ರ ಸುಮ್ನೆ ಅಭ್ಯಾಸದಿಂದಲೇ ಬರಬೇಕು.

ಫ್ರೆಂಚ್ ಎಂದರೆ ಪ್ಯಾರಿಸ್ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮವರಿಗೆ ಈ ಭಾಷೆ ಹೆಚ್ಚು ಕೆಲಸಕ್ಕೆ ಬರುವುದು ಪಶ್ಚಿಮ ಆಫ್ರಿಕಾದಲ್ಲಿ. ಪ್ಯಾರಿಸ್ಸಿನ ದೊಡ್ಡ ಆಮದುದಾರರ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಸೆನೆಗಲ್, ಐವರಿ ಕೋಸ್ಟ್, ಬೆನಿನ್, ಟೋಗೋ ದೇಶಗಳ ವ್ಯಾಪಾರಿಯ ಹತ್ತಿರ ಫ್ರೆಂಚ್ ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಅಲ್ಲಿಗೆ ನಮ್ಮ ಅಕ್ಕಿ, ಔಷಧ, ಮೋಟಾರ್‌ಸೈಕಲ್ ಹೋಗುತ್ತವೆ. ಅಲ್ಲಿಂದ ನಮ್ಮ ಕಾರ್ಖಾನೆಗಳಿಗೆ ಹಸಿ ಗೋಡಂಬಿ ಬರುತ್ತದೆ. ಔಷಧದ ಪೆಟ್ಟಿಗೆಯೊಳಗಿನ ಚೀಟಿ ಫ್ರೆಂಚಿನಲ್ಲಿರಬೇಕು. ಈ ನಾಲ್ಕೂ ಸೇರಿ ಆಫ್ರಿಕಾದ 17 ದೇಶಗಳು 1993ರ ಒಪ್ಪಂದದ ಆಧಾರದಲ್ಲಿ ಒಹಾಡಾ ಎಂಬ ಒಂದೇ ವ್ಯಾಪಾರ ಕಾನೂನು ವ್ಯವಸ್ಥೆಗೆ ಸೇರಿವೆ. ಒಂದು ದೇಶದ ಒಪ್ಪಂದಪತ್ರ ಓದಲು ಬಂದರೆ ಉಳಿದ ದೇಶಗಳದ್ದೂ ಬಹಳ ಮಟ್ಟಿಗೆ ತಿಳಿಯುತ್ತದೆ. ಮೊದಲು ಹೇಳಿದ ನಾಲ್ಕು ದೇಶಗಳ ಹಣವಾದ ಸಿಎಫ್‌ಎ ಫ್ರಾಂಕ್ ಯೂರೋಗೆ ಕಟ್ಟಿಕೊಂಡಿದೆ, ಒಂದು ಯೂರೋಗೆ 655.957. ಇಷ್ಟೆಲ್ಲ ಇದ್ದರೂ ನಮ್ಮ ಪಠ್ಯದಲ್ಲಿ ಆಫ್ರಿಕಾಕ್ಕೆ ಜಾಗವೇ ಕಡಿಮೆ. ಇದು ಬದಲಾಗಬೇಕು.

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹಗುರ ಹೆಲಿಕಾಪ್ಟರಿನ ಎಂಜಿನ್ ಫ್ರಾನ್ಸಿನ ಸಫ್ರಾನ್ ಕಂಪನಿಯ ಸಹಯೋಗದ್ದು, ಹಾಗಾದರೆ ಫ್ರೆಂಚ್ ಬೇಕಲ್ವಾ ಎಂದು ಪೋಷಕರು ಕೇಳುತ್ತಾರೆ. ವಿಮಾನ ಉದ್ಯಮದ ಭಾಷೆ ಇಂಗ್ಲಿಷ್. ಅದೊಂದನ್ನೇ ನಂಬಿ ಫ್ರೆಂಚಿಗೆ ಸೇರಬೇಡಿ.

ಎಷ್ಟು ಕಲಿತರೆ ಸಾಕು? ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಕೆಳಗಿನಿಂದ ಮೇಲಕ್ಕೆ ಆರು ಹಂತಗಳಿವೆ. ಎ2 ತನಕ ಬಂದು ನಿಲ್ಲಿಸುವವರೇ ಜಾಸ್ತಿ. ಆ ಮಟ್ಟದಲ್ಲಿ ಊಟ ಕೇಳಬಹುದು, ದರ ಮಾತಾಡಲು ಆಗುವುದಿಲ್ಲ. ಕೆಲಸಕ್ಕೆ ಬೇಕಾದದ್ದು ಬಿ2. ಅದಕ್ಕೆ ಮೊದಲಿನಿಂದ ಸುಮಾರು 600 ಗಂಟೆ ಕಲಿಕೆ ಬೇಕು. ಪದವಿಯ ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ನಾಲ್ಕು ಗಂಟೆಯಷ್ಟು. ಕಾಲೇಜಿನ ಪೀರಿಯಡ್ ಒಂದರಿಂದಲೇ ಇದು ಆಗದು. ಫ್ರೆಂಚ್ ಕಲಿಸುವ, ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿಬರಲು ಆಗದಿದ್ದರೆ ಆನ್‌ಲೈನ್ ತರಗತಿ ನೋಡಿ. ಜೊತೆಗೆ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆ ದಿನಾ ಹತ್ತು ನಿಮಿಷ ಕೇಳಿ. ಆಫ್ರಿಕಾದ ಸುದ್ದಿಯೂ ಅದರಲ್ಲಿ ಬರುತ್ತದೆ, ಕಿವಿ ಪಳಗುತ್ತದೆ.

ಫ್ರಾನ್ಸಿನಲ್ಲಿ ಎಂಬಿಎ ಮಾಡಬೇಕೆಂದಿರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಇಂಗ್ಲಿಷಿನಲ್ಲೇ ಪಾಠ ಹೇಳುವ ಕೋರ್ಸ್‌ಗಳು ಬೇಕಾದಷ್ಟಿವೆ, ಹಾಗಾಗಿ ಭಾಷೆ ಬೇಡ ಎಂದು ಏಜೆಂಟರು ಹೇಳುತ್ತಾರೆ. ಇಂಟರ್ನ್‌ಶಿಪ್ ಹುಡುಕುವಾಗ, ಆಮೇಲೆ ಕೆಲಸ ಹುಡುಕುವಾಗ ಫ್ರೆಂಚ್ ಕೇಳಿಯೇ ಕೇಳುತ್ತಾರೆ.

ಫ್ರೆಂಚ್ ಎಷ್ಟು ಬರುತ್ತದೆ ಎಂದು ನೋಡುವ ಪರೀಕ್ಷೆಗಳಲ್ಲಿ ಡೆಲ್ಫ್ ಎಂಬುದರ ಸರ್ಟಿಫಿಕೇಟಿಗೆ ಅವಧಿ ಇಲ್ಲ, ಜೀವನಪೂರ್ತಿ ನಡೆಯುತ್ತದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಇರಬಾರದು. ಇದನ್ನು ಪದವಿಯ ಕೊನೆಯ ವರ್ಷ ಬರೆಯಿರಿ. ಟಿಸಿಎಫ್, ಟಿಇಎಫ್ ಎಂಬ ಇನ್ನೆರಡು ಫ್ರೆಂಚ್ ಪರೀಕ್ಷೆಗಳ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು. ಕೆನಡಾ ಅಥವಾ ಬೇರೆಲ್ಲಿಗೋ ಅರ್ಜಿ ಹಾಕುವ ದಿನ ಹತ್ತಿರ ಬಂದಾಗ ಮಾತ್ರ ಅವಕ್ಕೆ ಫೀಸು ಕಟ್ಟಿ.