ಮುಖ ತೋರಿಸಬೇಕಾದ್ದು ಎಲ್ಲಿ, ಎಷ್ಟು ಹೊತ್ತು?

'ಫ್ರಾನ್ಸ್‌ನವರು ಬುರ್ಖಾ ನಿಷೇಧ ಮಾಡಿದರಲ್ಲ ವಕೀಲರೇ, ಇಲ್ಲಿ ಯಾಕೆ ಆಗುವುದಿಲ್ಲ?' ಮಂಗಳೂರಿನ ಕೋರ್ಟ್ ಆವರಣದಲ್ಲಿ ಆಗಾಗ ಎದುರಾಗುವ ಪ್ರಶ್ನೆ. ಕೇಳುವವರಿಗೆ ಹೆಚ್ಚಾಗಿ ಉತ್ತರ ಬೇಕಿರುವುದಿಲ್ಲ. ಆದರೂ ಹೇಳುತ್ತೇನೆ.

ಉಡುಪಿಯ ಕಾಲೇಜಿನಿಂದ ಶುರುವಾದ ವಿವಾದ ಮುಖ ಮುಚ್ಚುವುದರ ಬಗ್ಗೆ ಇರಲೇ ಇಲ್ಲ. ಅದು ತರಗತಿಯೊಳಗೆ ತಲೆಗೆ ಹಿಜಾಬ್ ಹಾಕುವ ಬಗ್ಗೆ. ಇವತ್ತಿಗೂ ಜನ ಎರಡನ್ನೂ ಒಂದೇ ಮಾಡಿ ಮಾತಾಡುತ್ತಾರೆ. 2022ರ ಮಾರ್ಚ್ 15ರಂದು ಹೈಕೋರ್ಟ್, ಹಿಜಾಬ್ ಇಸ್ಲಾಂನ ಅತ್ಯಗತ್ಯ ಆಚರಣೆ ಅಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಭಿನ್ನವಾದ ತೀರ್ಪು ಕೊಟ್ಟರು. ಅವರಲ್ಲಿ ನ್ಯಾ. ಸುಧಾಂಶು ಧುಲಿಯಾ, ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ ಎಂದರು. ನನಗೂ ಹಾಗೇ ಅನ್ನಿಸುತ್ತದೆ.

ಧರ್ಮಕ್ಕೆ ಅತ್ಯಗತ್ಯವಾದ ಆಚರಣೆಗೆ ಸಂವಿಧಾನದ ರಕ್ಷಣೆ ಎಂಬ ಈ 'ಅತ್ಯಗತ್ಯ ಆಚರಣೆ'ಯ ಮಾತು ಎಲ್ಲಿಂದ ಬಂತು ಗೊತ್ತಾ? 1954ರ ಶಿರೂರು ಮಠದ ಕೇಸಿನಿಂದ. ಹೌದು, ನಮ್ಮ ಉಡುಪಿಯ ಅಷ್ಟಮಠಗಳಲ್ಲೊಂದು! ಮಠದ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದೆಂದು ಸ್ವಾಮೀಜಿ ಕೋರ್ಟಿಗೆ ಹೋಗಿದ್ದರು. ಯಾವುದು ಅತ್ಯಗತ್ಯ ಎಂಬುದನ್ನು ಆಯಾ ಧರ್ಮದ ನಂಬಿಕೆಯಿಂದಲೇ ತಿಳಿಯಬೇಕು ಎಂದಿತ್ತು ಸುಪ್ರೀಂ ಕೋರ್ಟ್. ಭಕ್ತರ ರಕ್ಷಣೆಗೆ ಬಂದ ಮಾತು ಈಗ ಭಕ್ತರನ್ನೇ ಸೋಸುವ ಜರಡಿಯಾಗಿದೆ.

ಇನ್ನು ಫ್ರಾನ್ಸ್. ಸಾರ್ವಜನಿಕ ಜಾಗದಲ್ಲಿ ಮುಖ ಮುಚ್ಚಬಾರದೆಂಬ 2010ರ ಕಾನೂನು, 2011ರ ಏಪ್ರಿಲ್‌ನಿಂದ ಜಾರಿ, 150 ಯೂರೋವರೆಗೆ ದಂಡ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ಅದನ್ನು ಎತ್ತಿಹಿಡಿದದ್ದು ನಿಜ. ಆದರೆ ಭದ್ರತೆಯ ವಾದ ಅಲ್ಲಿ ನಿಲ್ಲಲಿಲ್ಲ. ಗುರುತು ಕೇಳಿದಾಗ ಮುಖ ತೋರಿಸಿದರೆ ಸಾಕಲ್ಲ, ಬೀದಿಯಲ್ಲೆಲ್ಲ ನಿಷೇಧ ಯಾಕೆ ಎಂದಿತು ಕೋರ್ಟು. ಹೆಣ್ಣಿನ ಸಮಾನತೆಯ ವಾದವನ್ನೂ ಒಪ್ಪಲಿಲ್ಲ. 'ಒಟ್ಟಿಗೆ ಬಾಳುವುದು', ಅಂದರೆ ಸಮಾಜದಲ್ಲಿ ಬೆರೆಯಲು ಒಬ್ಬರ ಮುಖ ಒಬ್ಬರಿಗೆ ಕಾಣಬೇಕು ಎಂಬ ಒಂದೇ ಕಾರಣದ ಮೇಲೆ ಕಾನೂನು ಉಳಿಯಿತು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಅದರಿಂದ ಇಬ್ಬರು ಮಹಿಳೆಯರ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು.

ಗುರುತಿನ ತೊಡಕು ನಮ್ಮಲ್ಲಿ ದಿನಾ ಬಗೆಹರಿಯುತ್ತಿದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ. ಐದು ಸೆಂಟ್ಸ್ ಜಾಗ ಮಾರಲು ಬಂದ ಬ್ಯಾರಿ ಹೆಂಗಸು ಕ್ಯಾಮೆರಾ ಮುಂದೆ ಕೂತು ಮುಸುಕು ಎತ್ತುತ್ತಾರೆ. ಫೋಟೊ, ಹೆಬ್ಬೆಟ್ಟು, ಮುಗಿಯಿತು. ಮುಸುಕು ಇಳಿಯುತ್ತದೆ. 'ಮುಂದಿನವರು ಬನ್ನಿ' ಅನ್ನುತ್ತಾರೆ ಆಪರೇಟರ್. ಮತಗಟ್ಟೆಯಲ್ಲಾದರೆ ಮಹಿಳಾ ಸಿಬ್ಬಂದಿ ನೋಡುತ್ತಾರೆ.

ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟೇ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. ಹಾಗಾಗಿ ಇಂಥ ಕಡೆ ಮುಖ ತೋರಿಸಿ ಅನ್ನುವುದು ತಪ್ಪಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತವರಿಗೆ ಹಾಗನ್ನಲು ಸರ್ಕಾರದ ಬಳಿ ಏನು ಕಾರಣವಿದೆ?

'ಮನೆಯವರೇ ಒತ್ತಾಯ ಮಾಡಿ ಹಾಕಿಸಿದ್ದರೆ?' ಅನ್ನುತ್ತೀರಿ ಅಲ್ವಾ. ನ್ಯಾಯವಾದ ಪ್ರಶ್ನೆ. ಫ್ರಾನ್ಸ್ ಕಾನೂನಿನಲ್ಲಿ ನನಗೆ ಹಿಡಿಸಿದ ಭಾಗ ಅದೊಂದೇ: ಬಲವಂತ ಮಾಡಿದವನಿಗೆ ಒಂದು ವರ್ಷದವರೆಗೆ ಜೈಲು, 30,000 ಯೂರೋವರೆಗೆ ದಂಡ. ನಿಷೇಧ ಕೇಳುವವರು ಈ ಅರ್ಧವನ್ನು ಕೇಳಿದ್ದು ನಾನಂತೂ ಕಂಡಿಲ್ಲ.