ಬೆಕ್ಕಿಗೆ ಹಾಲನ್ನ ಸಾಕಾಗಲ್ವಾ?

ಪ್ರಶ್ನೆ: ನಮ್ಮದು ಪೂರ್ತಿ ಸಸ್ಯಾಹಾರಿ ಮನೆ. ಮೊಟ್ಟೆಯೂ ತರುವುದಿಲ್ಲ. ಫ್ಲ್ಯಾಟ್‌ನಲ್ಲಿ ಮೂರು ತಿಂಗಳ ಬೆಕ್ಕಿನ ಮರಿ ಸಾಕಿದ್ದೇವೆ. ಅಜ್ಜಿ ಮನೆಯ ಬೆಕ್ಕುಗಳೆಲ್ಲ ಹಾಲನ್ನ ತಿಂದೇ ಗುಂಡಗಿದ್ದವು. ಇದಕ್ಕೂ ಅದೇ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಅಜ್ಜಿ ಮನೆಯ ಬೆಕ್ಕು ಹಾಲನ್ನ ತಿನ್ನುತ್ತಿದ್ದುದು ನಿಜ, ಆದರೆ ಅದರ ಊಟ ಇದ್ದದ್ದು ಅಟ್ಟದ ಮೇಲೆ.

ನಮ್ಮ ಅಜ್ಜಿ ಮನೆಯಲ್ಲೂ ಒಂದಿತ್ತು. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಬಾಗಿಲಿಗೆ ಬಂದು ಕೂರುತ್ತಿತ್ತು. ಕರಟದಲ್ಲಿ ಹಾಕಿದ ಹಾಲನ್ನು ನೆಕ್ಕಿ, ಅನ್ನದ ಅಗುಳನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಿತ್ತು. ಬೆಳಿಗ್ಗೆ ನೋಡಿದರೆ ಅಟ್ಟದ ಏಣಿಯ ಬುಡದಲ್ಲಿ ಇಲಿಯ ಬಾಲವೊಂದು ಬಿದ್ದಿರುತ್ತಿತ್ತು. ಹಲ್ಲಿ, ಜಿರಲೆಗಳಂತೂ ಲೆಕ್ಕಕ್ಕೇ ಇಲ್ಲ. ಹಾಲನ್ನ ಅದಕ್ಕೆ ನಂಚಿಕೊಳ್ಳಲು ಮಾತ್ರ. ನಿಮ್ಮ ಮರಿಗೆ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ಅದರ ತಟ್ಟೆಯಲ್ಲಿ ಇರುವುದು ಬರೀ ಉಪ್ಪಿನಕಾಯಿ ಅಂದುಕೊಳ್ಳಿ.

ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿದೆ. ಅಕ್ಕಿ, ಬೇಳೆ, ತರಕಾರಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಹಾಲಿನಲ್ಲಿರುವುದು ಏನೇನೂ ಸಾಲದು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಅಷ್ಟು ತಯಾರಿಸಲು ಬರುವುದಿಲ್ಲ. ಕ್ಯಾರೆಟ್ ತಿಂದು ವಿಟಮಿನ್ ಎ ಮಾಡಿಕೊಳ್ಳುವುದೂ ಅದಕ್ಕೆ ಗೊತ್ತಿಲ್ಲ. ಟಾರಿನ್ ಇಲ್ಲದಿದ್ದರೆ ಕಣ್ಣಿನ ಒಳಪದರ ನಿಧಾನವಾಗಿ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಅಂಗಡಿಯ ಪ್ಯಾಕೆಟ್ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೂ ಈ ಹೃದಯದ ಕಾಯಿಲೆ ಬರಲು ಟಾರಿನ್ ಕೊರತೆಯೇ ಕಾರಣ ಎಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆಮೇಲೆ ಕಂಪನಿಗಳು ಅದನ್ನು ಹೆಚ್ಚು ಸೇರಿಸತೊಡಗಿದವು. ತೊಂದರೆ ಏನೆಂದರೆ, ಇದೆಲ್ಲ ತಿಂಗಳುಗಟ್ಟಲೆ ಹೊರಗೆ ಕಾಣುವುದೇ ಇಲ್ಲ. ಬೆಕ್ಕು ಗುಂಡಗೇ ಇರುತ್ತದೆ.

ಹಾಲಿನದು ಇನ್ನೊಂದು ಕಥೆ. ತಾಯಿ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಮರಿಗೆ ಆಗಾಗ ಭೇದಿಯಾಗುತ್ತಿದ್ದರೆ ಮೊದಲು ಹಾಲು ನಿಲ್ಲಿಸಿ ನೋಡಿ.

‘ಪಕ್ಕದ ಮನೆಯ ನಾಯಿ ಮುದ್ದೆ ತಿಂದು ಚೆನ್ನಾಗಿದೆಯಲ್ಲ’ ಎಂದು ಕೇಳುವವರಿದ್ದಾರೆ. ನಾಯಿ ಬೇರೆ. ಮನುಷ್ಯರ ಜೊತೆ ಬದುಕುತ್ತಾ ಅದು ಅನ್ನ, ರಾಗಿ ಅರಗಿಸಿಕೊಳ್ಳಲು ಕಲಿತಿದೆ. ಹಾಗಂತ ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನು ನಾಯಿಗೂ ಹಾಕಬೇಡಿ, ಬೆಕ್ಕಿಗೂ ಬೇಡ. ರಕ್ತದ ಕೆಂಪು ಕಣಗಳು ಒಡೆಯುತ್ತವೆ.

ಹಾಗಾದರೆ ನೀವೇನು ಮಾಡಬೇಕು? ಬೆಕ್ಕಿನ ಮರಿಗೆಂದೇ ಮಾಡಿದ ಒಣ ಆಹಾರದ ಪ್ಯಾಕೆಟ್ ತನ್ನಿ. ಅದರಲ್ಲಿ ಮಾಂಸ ಇರುತ್ತದೆ, ಸುಳ್ಳು ಹೇಳಲ್ಲ. ಆದರೆ ಅಡುಗೆಮನೆಗೆ ತರಬೇಕಿಲ್ಲ, ಬೇಯಿಸಬೇಕಿಲ್ಲ. ಬಾಲ್ಕನಿಯ ಡಬ್ಬಿಯಲ್ಲಿಟ್ಟು, ಪ್ಯಾಕೆಟ್ ಮೇಲಿನ ಅಳತೆ ನೋಡಿ ಹಾಕಿದರೆ ಆಯಿತು. ಅಗ್ಗ ಅಂತ ನಾಯಿಯ ಪ್ಯಾಕೆಟ್ ತರಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಲೇಬೇಕೆಂದಿಲ್ಲ. ಇದೂ ಮನಸ್ಸಿಗೆ ಒಪ್ಪದಿದ್ದರೆ, ಒಪ್ಪುವ ಮನೆಗೆ ಮರಿಯನ್ನು ಕೊಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ನಮ್ಮ ವ್ರತ ಅದರದಲ್ಲ, ಅಲ್ವಾ?

ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಜಾಸ್ತಿ ಬೇಕು, ಆದರೆ ಬೆಕ್ಕಿಗೆ ಬಾಯಾರಿಕೆಯೇ ಕಡಿಮೆ. ಎರಡು ಮೂರು ಕಡೆ ಬಟ್ಟಲಿಡಿ. ಗಂಡು ಬೆಕ್ಕು ಮರಳಿನ ತಟ್ಟೆಯಲ್ಲಿ ಪದೇ ಪದೇ ಕೂತು ತಿಣುಕಿದರೂ ಉಚ್ಚೆ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಜೀವಕ್ಕೇ ಅಪಾಯ.

ಹಾಲನ್ನದಿಂದ ಪ್ಯಾಕೆಟ್‌ಗೆ ಒಂದೇ ದಿನ ಬದಲಾಯಿಸಬೇಡಿ. ಒಂದು ವಾರ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಿ. ಮರಿ ಮೂಸಿ ನೋಡಿ ಮುಖ ತಿರುಗಿಸಬಹುದು. ಕಾಳುಗಳ ಮೇಲೆ ಬಿಸಿನೀರು ಚಿಮುಕಿಸಿದರೆ ವಾಸನೆ ಏಳುತ್ತದೆ, ಆಗ ಹೆಚ್ಚಿನವು ಹತ್ತಿರ ಬರುತ್ತವೆ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂದು ಮಾತ್ರ ಸುಮ್ನೆ ಕೂರಬೇಡಿ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಮೂರು ತಿಂಗಳಾಯಿತಲ್ಲ, ರೇಬಿಸ್ ಲಸಿಕೆಗೂ ಅದು ಸರಿಯಾದ ವಯಸ್ಸು.