ಊಟಕ್ಕೆ ಕೂತಾಗಲೇ ದವಡೆ ಊದುವುದು ಯಾಕೆ?

‘ದವಡೆ ಕೆಳಗೆ ಗಂಟು ಬಂದಿದೆ ಡಾಕ್ಟ್ರೇ’ ಎಂದು ಬಂದವರನ್ನು ನಾನು ಮೊದಲು ಕೇಳುವುದು, ‘ಯಾವ ಹೊತ್ತಿಗೆ ಊದುತ್ತೆ?’ ಎಂದು. ಊಟಕ್ಕೆ ಕೂತಾಗ ಊದಿ, ಬಿಗಿದು ನೋವಾಗಿ, ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿದರೆ ನನಗೆ ಮೊದಲ ಅನುಮಾನ ಜೊಲ್ಲಿನ ನಾಳದಲ್ಲಿ ಕಲ್ಲಿದೆ ಎಂದು. ಕೆಲವರಿಗೆ ಉಪ್ಪಿನಕಾಯಿ ನೆಕ್ಕಿದರೂ ಸಾಕು, ಊತ ಶುರು.

ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಹೀಗೆ ಮೂರು ಜೋಡಿ ದೊಡ್ಡ ಜೊಲ್ಲಿನ ಗ್ರಂಥಿಗಳಿವೆ. ಕಲ್ಲುಗಳಲ್ಲಿ ಶೇ. 80ರಷ್ಟು ಸಿಗುವುದು ದವಡೆ ಕೆಳಗಿನದರಲ್ಲೇ. ಅಲ್ಲಿನ ಜೊಲ್ಲು ಮಂದ, ಕ್ಯಾಲ್ಸಿಯಂ ಜಾಸ್ತಿ. ನಾಳವೂ ಉದ್ದ, ಅದರಲ್ಲಿ ಜೊಲ್ಲು ಮೇಲಕ್ಕೆ ಹರಿಯಬೇಕು.

ನಾಲಿಗೆ ಮೇಲೆತ್ತಿಸಿ ನೋಡಿದರೆ ಬುಡದಲ್ಲಿ ಎರಡು ಸಣ್ಣ ಬೊಟ್ಟುಗಳು ಕಾಣುತ್ತವೆ. ದವಡೆ ಕೆಳಗಿನ ಗ್ರಂಥಿಗಳ ಜೊಲ್ಲು ಹೊರಗೆ ಬರುವುದು ಅಲ್ಲಿಂದಲೇ. ಹೊರಗಿನಿಂದ ಗ್ರಂಥಿ ಒತ್ತಿದಾಗ ಒಂದು ಕಡೆ ತಿಳಿ ಜೊಲ್ಲು ಜಿನುಗುತ್ತದೆ, ಕಲ್ಲಿರುವ ಕಡೆ ಏನೂ ಬರುವುದಿಲ್ಲ, ಇಲ್ಲವೇ ಕೀವು ಬರುತ್ತದೆ. ಬಾಯಿಯ ತಳವನ್ನು ಹಿಂದಿನಿಂದ ಮುಂದಕ್ಕೆ ಸವರಿದರೆ ಕೆಲವೊಮ್ಮೆ ಜೋಳದ ಕಾಳಿನ ಗಾತ್ರದ ಗಟ್ಟಿ ಕಲ್ಲು ಬೆರಳಿಗೆ ತಾಗುತ್ತದೆ. ಸಿಗದಿದ್ದರೆ ಅಲ್ಟ್ರಾಸೌಂಡ್, ಬೇಕಾದರೆ ಸಿ.ಟಿ. ಸ್ಕ್ಯಾನ್.

ಸಣ್ಣ ಕಲ್ಲಾದರೆ ಚೆನ್ನಾಗಿ ನೀರು ಕುಡಿದು, ಬಿಸಿ ಶಾಖ ಕೊಟ್ಟು, ಗ್ರಂಥಿಯನ್ನು ನೀವಿ, ನಿಂಬೆಹುಳಿಯ ಪೆಪ್ಪರಮೆಂಟು ಚೀಪಿದರೆ ಎಷ್ಟೋ ಸಲ ಅದೇ ಹೊರಗೆ ಬರುತ್ತದೆ. ಜ್ವರ, ಕೀವು ಇದ್ದರೆ ಈ ಮನೆಮದ್ದು ನಂಬಿ ಕೂರಬೇಡಿ, ಆಂಟಿಬಯೋಟಿಕ್ ಬೇಕು. ಬಾಯಿಯ ಮುಂಭಾಗದ ಕಲ್ಲನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬಾಯೊಳಗಿನಿಂದಲೇ ತೆಗೆಯುತ್ತೇವೆ. ಒಳಗಿರುವ ಸಣ್ಣ ಕಲ್ಲಿಗೆ, ಅಂದರೆ ಸುಮಾರು 4 ಮಿ.ಮೀ.ಗಿಂತ ಚಿಕ್ಕದಕ್ಕೆ, ನಾಳಕ್ಕೇ ತೂರಿಸುವ ತೆಳ್ಳನೆಯ ಎಂಡೋಸ್ಕೋಪ್ ಇದೆ. ಇಡೀ ಗ್ರಂಥಿ ತೆಗೆಯುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ಮಕ್ಕಳಿಗೆ ಜ್ವರದ ಜೊತೆ ಕಿವಿ ಮುಂದೆ ಊದಿದರೆ ಅದು ಮಂಗನಬಾವು ಇರಬಹುದು. ವೈರಸ್ಸಿನ ಕಾಯಿಲೆ, ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ತಡೆಯಲು ಎಂ.ಎಂ.ಆರ್. ಲಸಿಕೆ ಇದೆ.

ನನಗೆ ಜಾಸ್ತಿ ಚಿಂತೆ ಇಳಿಯದೇ ಇರುವ ಗಂಟಿನದು. ನೋವಿಲ್ಲವಲ್ಲ ಎಂದು ಜನ ವರ್ಷಗಟ್ಟಲೆ ಸುಮ್ನಿರುತ್ತಾರೆ. ಕಿವಿ ಮುಂದಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಜ. ಆದರೆ ಕೆಲವು ಬಿಟ್ಟಷ್ಟು ದಿನ ಬೆಳೆದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ ಮಾಡಿಸಿ. ಗಂಟು ಬೇಗ ಬೆಳೆದರೆ, ಆ ಕಡೆ ಮುಖ ಸೊಟ್ಟಗಾದರೆ ಒಂದು ದಿನವೂ ತಡ ಬೇಡ. ಮುಖದ ನರ ಕಿವಿ ಮುಂದಿನ ಗ್ರಂಥಿಯ ಒಳಗಿಂದಲೇ ಹಾದು ಹೋಗುತ್ತದೆ. ಆಪರೇಷನ್ ಅಂದರೆ ಆ ನರವನ್ನು ಹೇಗೆ ಉಳಿಸುತ್ತೀರಿ ಎಂದು ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ.